ಉಡಿದಾರಕ್ಕೆ ಕಟ್ಟಿದ ಎಳೆ

ಹಿಂದೂಪುರದ ಕರೆಂಟು ಮಗ್ಗದ ಶೆಡ್ಡಿನ ಸದ್ದಿನಲ್ಲಿ ಹದಿನಾಲ್ಕು ವರ್ಷ ದುಡಿದವರಿಗೆ ಕಿವಿ ಅರ್ಧ ಹೋಗಿರುತ್ತದೆ. ಪದ್ಮಲತಾಗೂ ಹೋಗಿತ್ತು. ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದಳು, ಹರಿದ ಎಳೆಯನ್ನು ಬೆರಳಲ್ಲಿ. ಆ ಬೆರಳುಗಳ ಮೇಲೆ ಅವಳಿಗೆ ಸ್ವಲ್ಪ ಜಂಬವೇ ಇತ್ತು. ಇರಲಿ ಬಿಡಿ, ಕಣ್ಣು ಮುಚ್ಚಿಕೊಂಡು ಗಂಟು ಹಾಕುವವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ನಾಲ್ಕು ವರ್ಷದ ಮಗಳು ಹರ್ಷಿತಾಳನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ ಎರ್ರಮ್ಮ. ಅವರು ತಮ್ಮ ಮಗಳ ಬಾಣಂತನಕ್ಕೆಂದು ಕಲ್ಯಾಣದುರ್ಗಕ್ಕೆ ಹೋದರು. ಗಂಡ ತಿರುಮಲೇಶ್ ಬೆಳಕು ಹರಿಯುವ ಮುಂಚೆಯೇ ಪೆನುಕೊಂಡದ ಕಡೆಯ ಕಾರ್ಖಾನೆಗೆ ಬಸ್ಸು ಹತ್ತುತ್ತಿದ್ದ. ಬೇರೆ ದಾರಿ ಕಾಣದೆ ಪದ್ಮಲತಾ ಮಗುವನ್ನು ಶೆಡ್ಡಿಗೇ ಕರೆತಂದಳು.

ಮೇಸ್ತ್ರಿ ಜಯಚಂದ್ರ ಮುಖ ಗಂಟಿಕ್ಕಿದ.

"ಪಾಪನ್ನ ಇಲ್ಲಿಗ್ಯಾಕ್ ಕರ್ಕೊಂಡ್ ಬಂದ್ಯಮ್ಮಾ? ಮೋಟಾರ್ ಬೆಲ್ಟಿಗೆ ಕಣ್ಣಿರಲ್ಲ ಕಣಮ್ಮ."

ಅದಕ್ಕೂ ಅವಳು ಉಪಾಯ ಮಾಡಿಕೊಂಡೇ ಬಂದಿದ್ದಳು. ನಾಲ್ಕು ಎಳೆ ಸೇರಿಸಿ ಹುರಿ ಮಾಡಿದ ರೇಷ್ಮೆ ದಾರದ ಒಂದು ತುದಿ ಮಗುವಿನ ಉಡಿದಾರಕ್ಕೆ, ಇನ್ನೊಂದು ತನ್ನ ಎಡಗೈಗೆ. ಮಗು ಗೋಡೆ ಮೂಲೆಯಲ್ಲಿ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಪಕ್ಕ ಕೂರಬೇಕು. ಮಗ್ಗಗಳ ಮರೆಗೆ ಆ ಮೂಲೆ ಕಾಣುತ್ತಿರಲಿಲ್ಲ. ಅಮ್ಮ ಒಮ್ಮೆ ಎಳೆದರೆ ಮಗಳು ಎರಡು ಸಲ ಎಳೆಯಬೇಕು, ಅಷ್ಟೇ.

ಬೇಜಾರಾಗದಿರಲೆಂದು ಬೇಡದ ದಾರ ಕೊಟ್ಟು ಗಂಟು ಹಾಕುವುದನ್ನೂ ಬಿಚ್ಚುವುದನ್ನೂ ಕಲಿಸಿದಳು. ನಾಲ್ಕನೇ ದಿನಕ್ಕೆ ಹರ್ಷಿತಾ ತಾಯಿಯ ಹಾಗೇ ಕಣ್ಣು ಮುಚ್ಚಿ ಗಂಟು ಹಾಕಿದಳು. ಪದ್ಮಲತಾ ಹಿಗ್ಗಿ ಹೀರೇಕಾಯಿಯಾದಳು, ಅಕ್ಕಪಕ್ಕದ ಮಗ್ಗದವರನ್ನೆಲ್ಲ ಕರೆದು ತೋರಿಸಿದಳು. ಆಗಲಾದರೂ ಬುದ್ಧಿ ಓಡಬೇಕಿತ್ತು, ಓಡಲಿಲ್ಲ.

ಐದನೇ ದಿನ ಊಟವಾದ ಮೇಲೆ ಅವಳು ದಾರ ಎಳೆದಳು. ಉತ್ತರ ಬರಲಿಲ್ಲ. ಆದರೆ ದಾರ ಬಿಗಿಯಾಗಿತ್ತು, ಆ ಕಡೆ ಭಾರವಿತ್ತು. ಮಗು ಮಲಗಿದೆ ಅಂದುಕೊಂಡಳು. ಇನ್ನೂ ಎರಡು ಸಲ ಎಳೆದು ಅದೇ ಭಾರಕ್ಕೆ ಸಮಾಧಾನಪಟ್ಟುಕೊಂಡಳು.

ಕಂಡಿಕೆ ಮುಗಿದು ಮೂಲೆಗೆ ಹೋದಾಗ ಮಗು ಇರಲಿಲ್ಲ. ದಾರದ ತುದಿ ಬುಟ್ಟಿಯ ಹಿಡಿಗೆ ಕಟ್ಟಿತ್ತು. ಗಂಟು ಪುಟ್ಟದಾಗಿ, ಬಿಗಿಯಾಗಿ, ಪದ್ಮಲತಾ ತಾನೇ ಹಾಕಿದಂತಿತ್ತು.

ಅವಳು ಕೂಗಿದಳು. ಹನ್ನೆರಡು ಮಗ್ಗಗಳ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಲಿಲ್ಲ. ಯಾರನ್ನೂ ಕೇಳದೆ ಓಡಿಹೋಗಿ ಮೈನ್ ಸ್ವಿಚ್ ಎಳೆದುಬಿಟ್ಟಳು. ಮಗ್ಗಗಳು ಒಂದೊಂದಾಗಿ ನಿಂತವು. ಆಗ ಒಂಬತ್ತನೇ ಮಗ್ಗದ ಕೆಳಗಿನಿಂದ ಒಡೆದ ಗಂಟಲಿನ ಒಂದು ದನಿ ಕೇಳಿತು.

ಹರ್ಷಿತಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮುದುಡಿ ಕೂತಿದ್ದಳು. ಜಡೆ ಬಿಚ್ಚಿಹೋಗಿತ್ತು. ಜಡೆಗೆ ಕಟ್ಟಿದ್ದ ಕೆಂಪು ಟೇಪು ಗೇಣುದ್ದದಾಚೆ ಮೋಟಾರಿನ ಬೆಲ್ಟಿಗೆ ಸುತ್ತಿಕೊಂಡು ಚಿಂದಿಯಾಗಿತ್ತು.

"ಆವಾಗ್ಲಿಂದ ಕೂಗ್ತಾನೇ ಇವ್ನಿ ಕಣಮ್ಮ. ನೀನ್ ಬರ್ಲೇ ಇಲ್ಲ," ಅಂದಳು.

ಜಯಚಂದ್ರ ಟೇಪಿನ ಚಿಂದಿ ಕಿತ್ತು ಪದ್ಮಲತಾಳ ಕೈಗಿಟ್ಟು ಮತ್ತೆ ಸ್ವಿಚ್ ಹಾಕಿದ.

ಎರ್ರಮ್ಮ ಬರಲು ಇನ್ನೂ ಒಂದು ತಿಂಗಳಿತ್ತು. ಮಾರನೆಯ ದಿನ ಪದ್ಮಲತಾ ಮಗುವಿಗೆ ಟೇಪಿಲ್ಲದೆ ಗಿಡ್ಡ ಜಡೆ ಹಾಕಿ, ಬಗ್ಗಿದರೆ ಕಾಣುವ ಕಡೆ ಬುಟ್ಟಿಯಿಟ್ಟು ಪಕ್ಕದಲ್ಲಿ ಕೂರಿಸಿ, ದಾರದ ಗಂಟನ್ನು ಬೆನ್ನ ಹಿಂದೆ ಹಾಕಿದಳು.

"ಅಲ್ಲಿಗೆ ಕೈ ಹೋಗಲ್ಲಮ್ಮ," ಅಂದಳು ಮಗಳು.

"ಹೋಗ್ಬಾರ್ದು ಅಂತಾನೇ ಕಣೇ."

ಮಧ್ಯಾಹ್ನ ಅವಳು ದಾರ ಎಳೆದಳು. ಆ ಕಡೆಯಿಂದ ಎರಡು ಸಲ ಎಳೆತ ಬಂತು. ಎದೆ ಹಗುರಾಯಿತು. ಆದರೂ ನಂಬಿಕೆ ಸಾಲದೆ ಮಗ್ಗದ ಪಕ್ಕದಿಂದ ಬಗ್ಗಿ ನೋಡಿದಳು. ಹರ್ಷಿತಾ ಈ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಎರಡೂ ಕೈ ಬೆನ್ನ ಹಿಂದಿದ್ದವು. ಪುಟ್ಟ ಬೆರಳುಗಳು ಅವಸರವಿಲ್ಲದೆ, ಅಮ್ಮ ಕಲಿಸಿದ ಹಾಗೇ, ಗಂಟಿನ ತುದಿ ಹುಡುಕುತ್ತಿದ್ದವು.