ವೆಬ್‌ಸ್ಟರ್ ಅವರ ಮನೆತನ

ಮೊನ್ನೆ ಹೊಸಪೇಟೆಯ ಬ್ಯಾಂಕಿನಲ್ಲಿ ಒಂದು ಫಾರಂ ಕೊಟ್ಟರು. ಅಡ್ಡಹೆಸರಿಗೆ ಅದರಲ್ಲಿ ಬೇರೆಯೇ ಒಂದು ಚೌಕ. 'ಮಗ್ಗದ' ಎಂದು ಬರೆದೆ. ಅದರ ಕೆಳಗೆ ಹತ್ತಿರದ ಸಂಬಂಧಿಕರ ಹೆಸರು ಕೇಳಿದ್ದರು. ಅಲ್ಲಿ ಪೆನ್ನು ನಿಂತಿತು. ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ನೀವೂ ಇಂಥ ಚೌಕದ ಮುಂದೆ ಕೂತಿದ್ದರೆ ನಿಮಗೆ ಗೊತ್ತಿರುತ್ತದೆ, ಆಗ ಬದುಕಿರುವವರಿಗಿಂತ ಸತ್ತವರೇ ಮೊದಲು ನೆನಪಾಗುತ್ತಾರೆ. ನನಗೆ ನೆನಪಾದವರು ವೆಬ್‌ಸ್ಟರ್.

ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಅವರು ನನಗೆ ಹಿರಿಯ ಗುಮಾಸ್ತರು. ಅವರ ತಾತನ ತಾತ ರೈಲ್ವೆ ಕೆಲಸಕ್ಕೆಂದು ಇಂಗ್ಲೆಂಡಿನಿಂದ ಬಂದವನಂತೆ. ಒಡಹುಟ್ಟಿದವರೆಲ್ಲ ಪರದೇಶ ಸೇರಿದ್ದರು. ಇವರು ಮದುವೆಯಾಗದೆ ಕ್ವಾರ್ಟರ್ಸ್‌ನಲ್ಲೇ ಉಳಿದಿದ್ದರು. ಹೆಸರೊಂದು ಬಿಟ್ಟರೆ ಮಾತು, ಊಟ, ಮುಂಗೋಪ ಎಲ್ಲ ನಮ್ಮದೇ.

ಒಮ್ಮೆ ಅವರನ್ನು ಕಂಪ್ಲಿಯ ನಮ್ಮ ಮನೆಗೆ ಕರೆದೊಯ್ದೆ. ಯಾರೇ ಬರಲಿ, ಮನೆತನದ ಹೆಸರು ಕೇಳದೆ ನಮ್ಮಜ್ಜಿ ತಟ್ಟೆ ಇಡುತ್ತಿರಲಿಲ್ಲ. ಯಾರ ಬೀಗರು, ಯಾರ ದಾಯಾದಿ ಎಂದು ಹುಡುಕಿ ತೆಗೆಯುವವರೆಗೂ ಅವಳಿಗೆ ಸಮಾಧಾನವಿಲ್ಲ. ಇವರದು ನಿನಗೆ ಸಿಗುವುದಿಲ್ಲ ಬಿಡು ಎಂದು ನಾನು ನಕ್ಕೆ. ವೆಬ್‌ಸ್ಟರ್ ಮಾತ್ರ ಗಂಭೀರವಾಗಿ ವಿವರಿಸಿದರು: ಆ ದೇಶದಲ್ಲೂ ಕಸುಬೇ ಮನೆತನದ ಹೆಸರಾಗುತ್ತಿತ್ತು; ಹಳೆಯ ಇಂಗ್ಲಿಷಿನಲ್ಲಿ ವೆಬ್‌ಸ್ಟರ್ ಎಂದರೆ ನೇಯುವವರು; ಅದೂ ಮೊದಮೊದಲು ನೇಯುವ ಹೆಂಗಸರಿಗೆ ಇದ್ದ ಹೆಸರು, ಬರಬರುತ್ತ ಗಂಡಸರಿಗೂ ಅಂಟಿಕೊಂಡಿತು. ಅವರ ಮನೆಯಲ್ಲಿ ಕಸುಬು ಯಾವ ಕಾಲಕ್ಕೋ ಹೋಗಿ ಹೆಸರಷ್ಟೇ ಉಳಿದಿತ್ತು.

ಅಜ್ಜಿ ಗುಂಡಿಮಗ್ಗದಿಂದ ಎದ್ದು ಬಂದಳು. "ಹಂಗಾದ್ರ ನೀವೂ ಮಗ್ಗದೋರ. ನಮ್ಮೋರ ಆದ್ರಿ. ಒಳಗ ಬರ್ರಿ, ಕುಂದ್ರಿ," ಎಂದು ಒಳಮನೆಯಲ್ಲೇ ತಟ್ಟೆ ಇಟ್ಟಳು. ಅಂದಿನಿಂದ ಪ್ರತಿ ದೀಪಾವಳಿಗೆ ಅವರಿಗೊಂದು ಧೋತರ ತೆಗೆದಿಡುವಳು. ಉಡಲು ಬಾರದ ವೆಬ್‌ಸ್ಟರ್ ಅದನ್ನು ಮಂಚದ ಮೇಲೆ ಹಾಸಿಕೊಳ್ಳುತ್ತಿದ್ದರು. ಕಂಪ್ಲಿಯ ಮುದುಕಿಗೆ ಇಂಗ್ಲೆಂಡಿನಲ್ಲಿ ನಂಟರು ಸಿಕ್ಕ ಕಥೆಯನ್ನು ಹೇಳಿ ಹೇಳಿ ನಾನು ಆಫೀಸಿನವರನ್ನು ನಗಿಸುತ್ತಿದ್ದೆ. ಡಿಗ್ರಿ ಮುಗಿಸಿದವನಲ್ಲವೇ!

ನಮ್ಮಲ್ಲಿ ಸತ್ತವರ ಮೈಮೇಲೆ ಹೊಸ ಬಟ್ಟೆ ಹೊದಿಸುವುದು ನಂಟರ ಕೆಲಸ. ವೆಬ್‌ಸ್ಟರ್ ತೀರಿಕೊಂಡಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಹಿಂದೆ ತಾನೇ ನೇಯ್ದಿಟ್ಟಿದ್ದ ಬಟ್ಟೆಯೊಂದನ್ನು ತೆಗೆಸಿ, "ನಮ್ಮ ಮನಿ ಬಟ್ಟಿ ಇಲ್ದ ಅವ್ರನ್ನ ಕಳಸಬ್ಯಾಡ," ಎಂದು ನನ್ನ ಕೈಗೆ ಕೊಟ್ಟಳು. ಸ್ಮಶಾನದಲ್ಲಿ ಪಾದ್ರಿಗಳು, ಸಂಬಂಧಿಕರು ಯಾರಾದರೂ ಇದ್ದರೆ ಮುಂದೆ ಬನ್ನಿ ಎಂದರು. ಆಫೀಸಿನವರೆಲ್ಲ ಸುತ್ತ ನಿಂತಿದ್ದರು. ಎಲ್ಲಿ ನಗುತ್ತಾರೋ ಎಂದು ನಾನು ಕದಲಲಿಲ್ಲ. ಬೇರೆ ಯಾರೂ ಮುಂದೆ ಹೋಗಲಿಲ್ಲ. ಬಟ್ಟೆಯನ್ನು ಕಂಕುಳಲ್ಲೇ ಇಟ್ಟುಕೊಂಡು ಮರಳಿದೆ. ಹೊದಿಸಿ ಬಂದೆ ಎಂದು ಅಜ್ಜಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ಅದೇ ನನಗೆ ಇವತ್ತಿಗೂ ಸಂಕಟ.

ಮೊನ್ನೆ ಫಾರಂ ಅರ್ಧಕ್ಕೇ ಬಿಟ್ಟು ಬ್ಯಾಂಕಿನಿಂದ ಸೀದಾ ಆ ಸ್ಮಶಾನಕ್ಕೆ ಹೋದೆ. ಕಾವಲುಗಾರ ನನ್ನ ಹಣೆಯ ವಿಭೂತಿಯನ್ನು ನೋಡಿದ. ಯಾರ ಸಮಾಧಿ, ಅವರು ನಿಮಗೇನಾಗಬೇಕು ಎಂದು ವಿಚಾರಿಸಿದ.

"ವೆಬ್‌ಸ್ಟರ್ ಅಂತ. ನಮ್ಮ ಮನೆತನದೋರು," ಎಂದೆ.

ಅವನು ನಗಲಿಲ್ಲ. ಗೇಟಿನ ಚಿಲಕ ತೆಗೆಯುತ್ತಾ, "ಇಷ್ಟ್ ವರ್ಷ ಎಲ್ಲಿದ್ರಿ ಮತ್ತ?" ಎಂದ.