ಗಿರಿಜಕ್ಕನ ಬಾವಿಯೂ ಇಂಜಿನಿಯರರ ಸೈನೂ

ಇವತ್ತಿನ ಕತೆ ಕೇಳಿ ಮಾರಾಯ್ರೇ. ಮೂಡುಬಿದಿರೆ ಪೇಟೆಯ ನಡುವೆ ಏಳು ಮಾಳಿಗೆಯ ವಿದ್ಯಾರ್ಥಿ ಹಾಸ್ಟೆಲ್ ಬರ್ತದೆ. ಅದನ್ನು ಕಟ್ಟುವವರು ಬೆಳಿಗ್ಗೆ ನೆರೆಕರೆಯವರ ಸಭೆ ಕರೆದಿದ್ದರು. ನಮ್ಮ ಪಕ್ಕದ ಮನೆಯ ಗಿರಿಜಕ್ಕ ಎದ್ದು ನಿಂತರು.

"ನೀವು ಬೋರ್‌ವೆಲ್ ಕೊರೆದ ಮೇಲೆ ನನ್ನ ಬಾವಿಯಲ್ಲಿ ನೀರು ಉಳಿಯುತ್ತದಾ?"

"ಖಂಡಿತ ಉಳಿಯುತ್ತದೆ ಅಮ್ಮ, ಹೆದರಬೇಡಿ," ಎಂದರು ಕಟ್ಟುವವರ ಇಂಜಿನಿಯರ್.

"ಹಾಗಾದರೆ ಬರೆದು ಸೈನ್ ಹಾಕಿ ಕೊಡಿ."

ಇಂಜಿನಿಯರ್ ಪೆನ್ನು ತೆಗೆದರು. ಸ್ವಲ್ಪ ಯೋಚಿಸಿ ವಾಪಸ್ ಕಿಸೆಗೆ ಹಾಕಿದರು.

"ಅದು ಹೆಡ್ ಆಫೀಸಿನಲ್ಲಿ ಕೇಳಬೇಕಾಗ್ತದೆ."

"ಕೇಳಿ. ಅಲ್ಲಿವರೆಗೆ ನಾನು ಇಲ್ಲೇ ಕೂತಿರ್ತೇನೆ."

ಅಕ್ಕ ಕೂತರು. ನಾವೂ ಕೂತೆವು. ಊಟದ ಹೊತ್ತು ಮೀರಿದ ಮೇಲೆ ಕಟ್ಟುವವರೇ ಸಭೆಯನ್ನು ಮುಂದಕ್ಕೆ ಹಾಕಿದರು.

ಈಗ ವಾಟ್ಸಾಪಿನಲ್ಲಿ ಅವರ ಸಭೆಯ ವರದಿ ಬಂದಿದೆ: "ಎಲ್ಲರ ಆತಂಕ ನಿವಾರಣೆಯಾಗಿದೆ." ಇಂಜಿನಿಯರರ ಆತಂಕ ಮಾತ್ರ ಇನ್ನೂ ನಿವಾರಣೆಯಾದ ಹಾಗೆ ಕಾಣುವುದಿಲ್ಲ.