ಬೀಗಿತ್ತಿಯ ಬೀಗ

ಆಕೆಗೆ ಬೀಗಿತ್ತಿ ಎಂಬ ಹೆಸರು ಬಂದದ್ದು ಮಗಳ ಮದುವೆಯಿಂದಲ್ಲ. ಮದುವೆಗೆ ಆರು ವರ್ಷ ಮೊದಲೇ ಬಂದಿತ್ತು. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಗೆ, ಯಂತ್ರ ರಿಪೇರಿಯ ಟೆಕ್ನಿಷಿಯನ್ನುಗಳಿಗೆ ಕರೆಂಟಿನ ಪಾಠ ಹೇಳಲು ಸೇರಿದ ಮೊದಲ ದಿನವೇ ಆಕೆ ಒಂದು ಚೀಲದ ತುಂಬ ಕೆಂಪು ಬೀಗಗಳನ್ನು ತಂದು ಮೇಜಿನ ಮೇಲೆ ಸುರಿದಳು.

"ಒಬ್ಬೊಬ್ಬರಿಗೆ ಒಂದು ಬೀಗ, ಒಂದೇ ಕೀಲಿ. ಎರಡನೇ ಕೀಲಿ ಇಲ್ಲ. ಯಂತ್ರಕ್ಕೆ ಕೈ ಹಾಕೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ನಿಮ್ಮ ಬೀಗ ಜಡಿದು, ಕೀಲಿ ಜೇಬಲ್ಲಿ ಇಟ್ಕೊಳ್ಳಿ. ಹಾಕಿದವರೇ ತೆಗೀಬೇಕು. ಹಾಕಿದವರು ಸಿಗದಿದ್ರೆ, ಅವರೆಲ್ಲಿದ್ದಾರೆ ಅಂತ ಕಣ್ಣಾರೆ ಕಂಡ ಮೇಲೇ ಮುಂದಿನ ಮಾತು."

ಹನ್ನೆರಡು ಜನರಲ್ಲಿ ಕೊನೆಯ ಬೆಂಚಿನವನೊಬ್ಬನಿದ್ದ. ಮೂವತ್ತು ತುಂಬುವಷ್ಟರಲ್ಲಿ ತಲೆಯೆಲ್ಲ ನರೆತು, ತಾತ ಎಂದೇ ಕರೆಸಿಕೊಳ್ಳುತ್ತಿದ್ದವನು. "ಇಷ್ಟೊಂದು ಬೀಗ ಹೊತ್ತು ತಂದವರು ಬೀಗಿತ್ತಿ ಅಲ್ದೆ ಮತ್ತೇನು?" ಅಂದ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಹೆಸರು ಅಂಟಿಕೊಂಡಿತು.

ಆಮೇಲೆ ನಡೆದದ್ದು ತಮಾಷೆ. ಆಕೆಯ ಮಗಳು ಅದೇ ಲಾಂಡ್ರಿಯ ಮ್ಯಾನೇಜರ್ ಮಗನನ್ನು ಮೆಚ್ಚಿ ಮದುವೆಯಾದಳು. ಹೆಸರು ಮೊದಲು ಬಂದು, ಸಂಬಂಧ ಹಿಂದಿನಿಂದ ಓಡಿ ಬಂದು ಸೇರಿಕೊಂಡಂತಾಯಿತು. ಮ್ಯಾನೇಜರು ಈಗ ನಿಜವಾದ ಬೀಗರು. ಬೀಗರು ಎಂಬ ಮಾತಿಗೆ ಏಕವಚನ ಒಗ್ಗುವುದಿಲ್ಲ, ಹಾಗಾಗಿ ನಾವೂ ಅವರಿಗೆ ಬಹುವಚನವನ್ನೇ ಕೊಡೋಣ. ಅವರಿಗೂ ಅದೇ ಇಷ್ಟ. ಗೇಟಿನ ಒಳಗೆ 'ಮೇಡಂ', 'ಸರ್', ಗೇಟಿನ ಹೊರಗೆ 'ಬೀಗರೇ' ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಪಾಠ ಹೇಳುವ ಯೋಗ್ಯತೆ ಆಕೆಗೆ ಕಾಲೇಜಿನಿಂದ ಬಂದದ್ದಲ್ಲ. ಹದಿನೆಂಟಕ್ಕೇ ಮೋಟಾರ್ ವೈಂಡಿಂಗ್ ಅಂಗಡಿ ಸೇರಿ, ಸುಟ್ಟ ಮೋಟಾರುಗಳ ಕರಕಲು ತಂತಿ ಕಿತ್ತು ಹೊಸ ತಾಮ್ರ ಸುತ್ತುತ್ತಿದ್ದಳು. ತೆಳ್ಳನೆಯ ಬೆರಳು, ಲೆಕ್ಕ ತಪ್ಪದ ಸುತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ಅಂಗಡಿಯ ಹಳೇ ಟೆಸ್ಟರನ್ನು ತಂತಿಗೆ ಮುಟ್ಟಿಸಿದಳು. ದೀಪ ಹತ್ತಲಿಲ್ಲ. ಕರೆಂಟ್ ಇಲ್ಲ ಎಂದು ನಂಬಿ ಕೈ ಹಾಕಿದಳು. ಕರೆಂಟ್ ಇತ್ತು. ಸತ್ತಿದ್ದು ತಂತಿಯಲ್ಲ, ಟೆಸ್ಟರಿನೊಳಗಿನ ದೀಪ. ಎಡಗೈಯ ಕೊನೆಯ ಎರಡು ಬೆರಳು ಅಂದಿನಿಂದ ಮಡಚುವುದಿಲ್ಲ. ಆ ಟೆಸ್ಟರನ್ನು ಆಕೆ ಎಸೆಯಲಿಲ್ಲ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಳು.

ಪ್ರತಿ ಹೊಸ ಗುಂಪಿನ ಮುಂದೆ ಆಕೆ ಮೊದಲು ತೋರಿಸುತ್ತಿದ್ದದ್ದು ಆ ಬೆರಳುಗಳನ್ನೇ. "ಇದು ವಿಧಿಯಾಟ ಅಲ್ಲ, ನನ್ನ ದಡ್ಡತನ. ಟೆಸ್ಟರನ್ನ ಮೊದಲು ಕರೆಂಟ್ ಇರೋ ಕಡೆ ಮುಟ್ಟಿಸಿ, ಅದು ಬದುಕಿದೆಯಾ ನೋಡಿ. ಆಮೇಲೆ ನಿಮ್ಮ ತಂತಿ ನೋಡಿ. ಮತ್ತೆ ಕರೆಂಟ್ ಇರೋ ಕಡೆ ಮುಟ್ಟಿಸಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ." ಕರೆಂಟನ್ನು ನೀರಿಗೆ ಹೋಲಿಸಿ ಹೇಳುವ ಪುಸ್ತಕಗಳ ಮೇಲೆ ಆಕೆಗೆ ಕೆಂಡದಂಥ ಕೋಪ. "ನೀರು ಸೋರಿದ್ರೆ ನೆಲ ಒದ್ದೆ ಆಗುತ್ತೆ, ಕಾಣುತ್ತೆ. ಕರೆಂಟ್ ಸೋರಿದ್ರೆ ಏನು ಕಾಣುತ್ತೆ? ನಿಮ್ಮ ಫೋಟೋ ಗೋಡೆ ಮೇಲೆ ಕಾಣುತ್ತೆ" ಅನ್ನುತ್ತಿದ್ದಳು.

ತಾತನಿಗೆ ಇದೆಲ್ಲ ಹೆಂಗಸಿನ ಅತಿ ಎಚ್ಚರ. ಅವನು ಹಳೇ ಕಾಲದವರಂತೆ ಅಂಗೈಯ ಹಿಂಬದಿಯಿಂದ ತಂತಿ ತಟ್ಟಿ ನೋಡುವ ಶೂರ. "ಹತ್ತು ವರ್ಷದಿಂದ ಏನೂ ಆಗಿಲ್ಲ" ಅಂದರೆ, "ಸಾಯೋದಕ್ಕೆ ಹತ್ತು ಸಲ ಬೇಕಾಗಿಲ್ಲ, ಒಂದೇ ಸಲ ಸಾಕು" ಎಂದು ಆಕೆ ಅವನನ್ನು ಹೊರಗೆ ನಿಲ್ಲಿಸುತ್ತಿದ್ದಳು. ವರ್ಷಗಟ್ಟಲೆ ಗೊಣಗಿಕೊಂಡೇ ಅವನೂ ಬೀಗ ಹಾಕುವುದನ್ನು ಕಲಿತ. ಬಾಯಿ ಮಾತ್ರ ಕಲಿಯಲಿಲ್ಲ.

ಆ ಮಂಗಳವಾರ ಜಗಳಕ್ಕೆ ಕಾರಣವಾದದ್ದೂ ಅವನ ಬೀಗವೇ.

ಲಾಂಡ್ರಿಯ ಮುಖ್ಯ ಯಂತ್ರ ಒಂದು ಬಸ್ಸಿನಷ್ಟು ಉದ್ದ. ಸುರಂಗದಂತೆ ಒಳಗೆ ಹನ್ನೊಂದು ಕೋಣೆಗಳು. ಒಂದು ಬದಿಯಲ್ಲಿ ಕೊಳೆ ಚಾದರ ಹೋದರೆ ಇನ್ನೊಂದು ಬದಿಯಲ್ಲಿ ಒಗೆದದ್ದು ಬರುತ್ತದೆ. ರಿಪೇರಿಗೆ ಇಳಿದವನು ಐದನೇ ಕೋಣೆಯಲ್ಲಿದ್ದರೆ ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರ ನಿಂತಿತ್ತು, ಮೇನ್ ಸ್ವಿಚ್ಚಿಗೆ ತಾತನ ಕೆಂಪು ಬೀಗ ನೇತಾಡುತ್ತಿತ್ತು, ತಾತ ಎಲ್ಲೂ ಇರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಹೊರಗೆ ಎರಡು ಆಸ್ಪತ್ರೆಗಳ ಲಾರಿಗಳು ಕಾಯುತ್ತಿದ್ದವು.

ಬೀಗರು ಬೀಗ ಕತ್ತರಿಸುವ ದೊಡ್ಡ ಕಟರ್ ಹಿಡಿದು ತಾವೇ ಬಂದರು. "ಅವನು ಬೈಕಲ್ಲಿ ಹೊರಗೆ ಹೋಗಿದ್ದನ್ನ ವಾಚ್‌ಮನ್ ನೋಡಿದಾನೆ. ಬೀಗ ತೆಗೆಯೋದು ಮರೆತು ಹೋಗಿದಾನೆ, ಅಷ್ಟೇ."

"ವಾಚ್‌ಮನ್ ನೋಡಿದ್ದು ಹೆಲ್ಮೆಟ್ಟನ್ನ, ಸರ್. ಇಲ್ಲಿ ಹನ್ನೆರಡು ಜನಕ್ಕೂ ಒಂದೇ ಥರದ ಹೆಲ್ಮೆಟ್ ಕೊಟ್ಟಿದೀರಿ."

"ಕೂಗಿ ನೋಡಿದ್ರಲ್ಲ, ಒಳಗಿಂದ ಉತ್ತರ ಬಂತಾ?"

"ಬರಲಿಲ್ಲ. ಒಳಗೆ ಯಾರೂ ಇಲ್ಲದಿದ್ರೂ ಬರಲ್ಲ, ಇದ್ದವನು ಪ್ರಜ್ಞೆ ತಪ್ಪಿ ಬಿದ್ದಿದ್ರೂ ಬರಲ್ಲ. ಹನ್ನೊಂದು ಮುಚ್ಚಳ ಬಿಚ್ಚಿ ನೋಡೋಣ. ಎರಡು ಗಂಟೆ ಸಾಕು."

"ಎರಡು ಗಂಟೆ! ಆಪರೇಷನ್ ಥಿಯೇಟರಿಗೆ ಬಟ್ಟೆ ಬೇಕು ಅಂತ ಅವರು ಬಾಯಿ ಬಡ್ಕೊಳ್ತಿದಾರೆ." ಬೀಗರು ಕಟರ್ ಎತ್ತಿದರು. ಸಿಟ್ಟಿನಲ್ಲಿ ಗೇಟಿನ ಕಟ್ಟಳೆಯೂ ಮರೆತುಹೋಯಿತು. "ನೋಡಿ ಬೀಗ್ರೇ, ನಿಮ್ಮ ಮಗಳು ನಮ್ಮನೇಲಿದಾಳೆ. ಅದನ್ನಾದ್ರೂ ನೆನಪಿಟ್ಕೊಂಡು ದಾರಿ ಬಿಡಿ."

ಹನ್ನೊಂದು ಜನ ಟೆಕ್ನಿಷಿಯನ್ನುಗಳು, ಒದ್ದೆ ಚಾದರ ಎತ್ತುವ ಹೆಂಗಸರು, ಎಲ್ಲರ ಮುಂದೆ ಆ ಮಾತು ಬಿತ್ತು. ಆಕೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆದರೆ ದನಿ ಏರಲಿಲ್ಲ. ಮಡಚದ ಎರಡು ಬೆರಳನ್ನು ಬೀಗದ ಕೊಂಡಿಯೊಳಗೆ ತೂರಿಸಿ ನಿಂತಳು.

"ನನ್ನ ಮಗಳು ನಿಮ್ಮನೇಲಿದಾಳೆ, ಸರಿ. ತಾತ ಎಲ್ಲಿದಾನೆ, ಅದನ್ನ ಹೇಳಿ. ಹೇಳೋಕಾಗದಿದ್ರೆ ಮೊದಲು ಈ ಬೆರಳು ಕತ್ತರಿಸಿ. ಹೇಗೂ ಇವು ಕೆಲಸಕ್ಕೆ ಬಾರದವು."

ಬೀಗರು ಕಟರ್ ಇಳಿಸಿದರು. ಮುಚ್ಚಳಗಳನ್ನು ಬಿಚ್ಚಲು ಶುರುವಾಯಿತು. ಒಂದು, ಎರಡು, ಮೂರು, ಯಾರೂ ಇಲ್ಲ. ಏಳನೆಯದು ಬಿಚ್ಚುವಾಗ ತಾತ ಗೇಟಿನಿಂದ ನಡೆದು ಬಂದ. ಒಂದು ಕೆನ್ನೆ ಊದಿಕೊಂಡಿತ್ತು, ಬಾಯಿ ತುಂಬ ಹತ್ತಿ. ಹಲ್ಲುನೋವು ತಡೆಯಲಾಗದೆ ಕೀಳಿಸಿಕೊಳ್ಳಲು ಓಡಿದ್ದನಂತೆ, ಬೀಗದ ನೆನಪೇ ಇರಲಿಲ್ಲವಂತೆ. ಮಾತಾಡಲಾಗದೆ ಕೈಸನ್ನೆಯಲ್ಲೇ ಇಷ್ಟನ್ನೂ ಹೇಳಿ, ಕೀಲಿ ತೆಗೆದು ಬೀಗ ಬಿಚ್ಚಿದ.

ಯಂತ್ರದೊಳಗೆ ಯಾರೂ ಇರಲಿಲ್ಲ. ಬಿಚ್ಚಿದ ಮುಚ್ಚಳಗಳನ್ನು ಮತ್ತೆ ಕೂರಿಸುವಷ್ಟರಲ್ಲಿ ಎರಡು ಗಂಟೆ ದಂಡ. ಆಸ್ಪತ್ರೆಯವರು ಎರಡು ಆಪರೇಷನ್ನುಗಳನ್ನು ಸಂಜೆಗೆ ಮುಂದೂಡಿ, ಲಾಂಡ್ರಿಯ ಮಾಲೀಕರಿಗೆ ಬಾಯಿಗೆ ಬಂದಂತೆ ಬೈದರು. ಬೀಗರಿಗೆ ಅಷ್ಟೇ ಬೇಕಾಗಿತ್ತು. ಮರುದಿನ ಒಂದು ಕಾಗದ ಟೈಪಾಗಿ ಬಂತು: 'ಅನಗತ್ಯವಾಗಿ ಕೆಲಸ ನಿಲ್ಲಿಸಿದ್ದು ನನ್ನ ತಪ್ಪು. ಇನ್ನು ಮುಂದೆ ಮ್ಯಾನೇಜರ್ ಹೇಳಿದಾಗ ಬೀಗ ಕತ್ತರಿಸಲು ನನ್ನ ಅಡ್ಡಿಯಿಲ್ಲ.' ಶುಕ್ರವಾರ ಮಾಲೀಕರ ಮುಂದೆ ಸಹಿ ಹಾಕಬೇಕು, ಇಲ್ಲವೇ ಕೆಲಸ ಬಿಡಬೇಕು.

ಸಹಿ ಹಾಕಿದರೆ ಆ ಹನ್ನೆರಡು ಬೀಗಗಳೂ ಅಂದಿನಿಂದ ಮಕ್ಕಳ ಆಟಿಕೆ. ಆಕೆಗೆ ಅದು ಚೆನ್ನಾಗಿ ಗೊತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅಂತ ತನ್ನ ಬೆರಳಿನ ವಿಷಯದಲ್ಲಿ ಹೇಳಿಕೊಳ್ಳಬಹುದು, ಸತ್ತವನ ಹೆಂಡತಿಯ ಮುಂದೆ ನಿಂತು ಹೇಳಲಾಗುತ್ತದೆಯೇ?

ಗುರುವಾರ ಮಗಳು ಫೋನ್ ಮಾಡಿದಳು. "ಅಮ್ಮಾ, ಮಾವ ಮಾತು ಬಿಟ್ಟಿದಾರೆ. ಊಟದ ತಟ್ಟೆ ಮುಂದೆ ಕೂತು ಬರೀ ನಿಟ್ಟುಸಿರು."

"ನಿಂಗೇನಾದ್ರೂ ಅಂದ್ರಾ?"

"ನಿಮ್ಮಮ್ಮಂಗೆ ಸೈನ್ ಹಾಕೋಕೆ ಹೇಳು ಅಂದ್ರು. ಹೇಳ್ತೀನಿ ಅಂದೆ. ಇದೋ, ಹೇಳಿದೀನಿ." ಮಗಳು ಮತ್ತೆ ಅಂದಳು, "ಚಿಕ್ಕವಳಿದ್ದಾಗ ನಾನು ರಸ್ತೆ ದಾಟ್ತಿದ್ದಿದ್ದು ನಿನ್ನ ಆ ಎರಡು ಬೆರಳು ಹಿಡ್ಕೊಂಡು. ಮಡಚ್ತಿರಲಿಲ್ಲವಲ್ಲ, ಹಿಡಿಯೋಕೆ ಸುಲಭ. ಇಲ್ಲಿಯ ಚಿಂತೆ ಬಿಡು, ನಾನು ನೋಡ್ಕೋತೀನಿ."

ಆಕೆ ಫೋನ್ ಇಟ್ಟು, ಮೂಗು ಒರೆಸಿಕೊಂಡು, ಬಟ್ಟೆಯ ಗಂಟು ಬಿಚ್ಚಿ ಹಳೇ ಟೆಸ್ಟರನ್ನು ಹೊರಗೆ ತೆಗೆದಳು.

ಶುಕ್ರವಾರ ಮೀಟಿಂಗಿಗೆ ಅರ್ಧ ಗಂಟೆ ಮೊದಲೇ ಮಹಡಿ ಹತ್ತಿದಳು. ಪಡಸಾಲೆಯ ಕರೆಂಟ್ ಪೆಟ್ಟಿಗೆಯಲ್ಲಿ ಮೀಟಿಂಗ್ ಕೋಣೆಯ ಪ್ಲಗ್ಗುಗಳ ಲೈನನ್ನು ಆಫ್ ಮಾಡಿ, ಹಲವು ಬೀಗ ಹಿಡಿಸುವ ಕೊಂಡಿ ಸಿಕ್ಕಿಸಿ, ತನ್ನ ಬೀಗ ಜಡಿದಳು. ಒಳಗೆ ಹೋಗಿ ಒಳ್ಳೆಯ ಟೆಸ್ಟರಿನಿಂದ ಮೂರು ಸಲ ಪ್ರಮಾಣಿಸಿದಳು. ಫ್ಯಾನಿನ ಲೈನ್ ಬೇರೆ, ಅದು ತಿರುಗುತ್ತಲೇ ಇತ್ತು. ಏಣಿ ಹೊತ್ತು ಹೋಗುತ್ತಿದ್ದ ತಾತ ನಿಂತು, "ಏನು ಬೀಗಿತ್ತಮ್ಮಾ, ಆಫೀಸಿಗೂ ಬೀಗಾನಾ?" ಅಂದ. ಆಕೆ ಒಳಗೆ ಕುರ್ಚಿ ಎಳೆದು ಕೂತಳು.

ಮಾಲೀಕರು ಕಾಗದವನ್ನೂ ಪೆನ್ನನ್ನೂ ಆಕೆಯ ಕಡೆ ಸರಿಸಿದರು. ಬೀಗರು ಗಂಟಲು ಸರಿಮಾಡಿಕೊಂಡು, "ಒಳಗೆ ಯಾರೂ ಇರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗಿದೆ. ಇನ್ನು ಹಟ ಯಾಕೆ?" ಅಂದರು.

ಆಕೆ ಪೆನ್ನು ಮುಟ್ಟಲಿಲ್ಲ. ಎದ್ದು ಹೋಗಿ ಗೋಡೆಯ ಪ್ಲಗ್ಗಿನ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಿದಳು. ಒಳಗೆ ಹಿತ್ತಾಳೆಯ ತಿರುಪುಗಳು ಹೊಳೆದವು. ಹಳೇ ಟೆಸ್ಟರನ್ನು ಅವಕ್ಕೆ ಮುಟ್ಟಿಸಿದಳು. ದೀಪ ಹತ್ತಲಿಲ್ಲ.

"ನೋಡಿದ್ರಾ? ದೀಪ ಹತ್ತಲಿಲ್ಲ. ಕರೆಂಟ್ ಇಲ್ಲ. ಬನ್ನಿ ಸರ್, ಒಂದು ಸಲ ಬೆರಳಿಟ್ಟು ಮುಟ್ಟಿ. ನೀವು ಮುಟ್ಟಿದ ಕೂಡ್ಲೇ ನಾನು ಸೈನ್ ಹಾಕ್ತೀನಿ."

ಬೀಗರು ನಕ್ಕು ಎದ್ದು ಬಂದರು. ಬೆರಳು ಮುಂದೆ ಚಾಚಿದರು. ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ಆಕೆಯ ಎಡಗೈಯನ್ನು ನೋಡಿದರು, ಬೆರಳನ್ನು ಹಿಂದಕ್ಕೆ ಎಳೆದುಕೊಂಡರು.

"ಯಾಕೆ?"

"ಆ ಟೆಸ್ಟರ್ ಸರಿ ಇದೆಯೋ ಇಲ್ಲವೋ, ಯಾರಿಗೆ ಗೊತ್ತು?"

"ವಾಚ್‌ಮನ್ ಕಣ್ಣು ಸರಿ ಇತ್ತೋ ಇಲ್ಲವೋ, ಯಾರಿಗೆ ಗೊತ್ತಿತ್ತು?"

ಆಕೆ ತನ್ನ ಎರಡು ಬೆರಳನ್ನು ಆ ತಿರುಪುಗಳ ಮೇಲೇ ಊರಿ ನಿಂತಳು. ಮಾಲೀಕರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

"ಹೆದರಬೇಡಿ. ಟೆಸ್ಟರ್ ಸತ್ತು ಮೂವತ್ತು ವರ್ಷ ಆಯ್ತು, ಆದ್ರೆ ಲೈನೂ ನಿಜವಾಗ್ಲೂ ಸತ್ತಿದೆ. ನಾನೇ ಆಫ್ ಮಾಡಿ ಬೀಗ ಹಾಕಿದೀನಿ, ಕೀಲಿ ನನ್ನ ಜೇಬಲ್ಲಿದೆ. ಮೊನ್ನೆ ಯಂತ್ರದೊಳಗೆ ಯಾರೂ ಇರಲಿಲ್ಲ, ಇವತ್ತು ಇದರೊಳಗೆ ಏನೂ ಇಲ್ಲ. ಆದ್ರೂ ನೀವು ಮುಟ್ಟಲಿಲ್ಲ. ನಿಮ್ಮ ಒಂದು ಬೆರಳಿಗೆ ಬೇಕಾದ ಅನುಮಾನ ತಾತನ ಪೂರ್ತಿ ಮೈಗೆ ಬೇಡವಾ, ಸರ್?"

ಬೀಗರ ಮುಖ ಕಪ್ಪಿಟ್ಟಿತು. ಮಾಲೀಕರು ಕಾಗದ ಮಡಚಿ ಡ್ರಾಯರಿಗೆ ಹಾಕಲು ಹೋದರು. "ಸರಿ, ಮುಂದೆ ನೋಡೋಣ."

"ಮುಂದೆ ನೋಡೋದು ಬೇಡ. ಈಗಲೇ ಹರೀರಿ," ಎಂದಳು ಆಕೆ.

ಮಾಲೀಕರು ಹರಿದರು. ಆಮೇಲೆ, ಸೋತವರು ಏನಾದರೊಂದು ಹೇಳಲೇಬೇಕು ಎಂಬಂತೆ, "ಫೋನ್ ಚಾರ್ಜಿಗೆ ಹಾಕಬೇಕು, ಆ ಲೈನ್ ಕೊಡಿ" ಅಂದರು.

ಆಕೆ ಪ್ಲಗ್ಗಿನ ಮುಚ್ಚಳ ಮೊದಲಿನಂತೆ ಕೂರಿಸಿ ಪಡಸಾಲೆಗೆ ಬಂದು ತನ್ನ ಬೀಗ ಬಿಚ್ಚಿದಳು. ಕೊಂಡಿ ಬಿಡಲಿಲ್ಲ. ಅದರಲ್ಲಿ ಇನ್ನೊಂದು ಕೆಂಪು ಬೀಗವಿತ್ತು. ಬೀಗಕ್ಕೆ ಕಟ್ಟಿದ ಚೀಟಿಯಲ್ಲಿ ತಾತನ ವಕ್ರ ಅಕ್ಷರ: 'ಒಳಗೆ ನಮ್ಮ ಬೀಗಿತ್ತಿ ಇದ್ದಾರೆ. ಯಾರೂ ಮುಟ್ಟಬಾರದು.'

ಆಕೆ ಆ ಚೀಟಿಯನ್ನು ಎರಡು ಸಲ ಓದಿದಳು. ಕಣ್ಣು ಮಂಜಾಯಿತು, ಕೋಪದಿಂದ ಅಲ್ಲ.

ಹಿಂದೆಯೇ ಮಾಲೀಕರ ಚಾರ್ಜರ್ ಹಿಡಿದು ಬೀಗರು ಬಂದರು. "ಏನಾಯ್ತು, ಇನ್ನೂ ಕರೆಂಟ್ ಬಂದಿಲ್ಲ?"

"ತಾತನ ಬೀಗ ಇದೆ."

"ಅವನೆಲ್ಲಿ?"

"ಕೆಳಗೆ ಕ್ಯಾಂಟೀನಲ್ಲಿ, ಊಟಕ್ಕೆ ಕೂತಿರ್ತಾನೆ. ಹಲ್ಲು ಕೀಳಿಸಿದಾನಲ್ಲ, ಒಂದೇ ಕಡೆಯಿಂದ ನಿಧಾನವಾಗಿ ಅಗೀತಾನೆ."

ಬೀಗರು ಬೀಗವನ್ನು ನೋಡಿದರು, ಕೈಯಲ್ಲಿದ್ದ ಚಾರ್ಜರನ್ನು ನೋಡಿದರು.

ಆಕೆ ಗೋಡೆ ಬದಿಯ ಎರಡು ಕುರ್ಚಿ ಎಳೆದು ಒಂದನ್ನು ಅವರ ಕಡೆ ತಳ್ಳಿದಳು. ಗೇಟಿನ ಒಳಗೇ ಇದ್ದರೂ 'ಸರ್' ಅನ್ನಲಿಲ್ಲ.

"ಕೂತ್ಕೊಳ್ಳಿ ಬೀಗರೇ. ಹಾಕಿದವರೇ ತೆಗೀಬೇಕು."